ಕೌದಿಯ ಒಂದು ಮೂಲೆ

ಮಗಳೇ, ಹೊಲಿಗೆ ಕಲಿಯಬೇಕು ಅಂತ ನೀನು ಅಂದ ದಿನದಿಂದ ನನಗೆ ಹಿಗ್ಗು. ಫೋನಿನಲ್ಲಿ ನೋಡಿಕೊಂಡು ಕಲಿಯುತ್ತೇನೆ ಅಂದಿ. ಬೇಡ ಅನ್ನುವುದಿಲ್ಲ, ನೋಡು. ಆದರೆ ಬಟ್ಟೆಯನ್ನು ಎಷ್ಟು ಎಳೆಯಬೇಕು, ದಾರವನ್ನು ಎಲ್ಲಿಗೆ ಬಿಗಿದು ನಿಲ್ಲಿಸಬೇಕು ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಗೊತ್ತಿದ್ದವರ ಮಗ್ಗುಲಲ್ಲಿ ಅದೇ ಬಟ್ಟೆಯ ಮೇಲೆ ಕೂತಾಗ ಮಾತ್ರ ಅದು ಕೈಗೆ ಹತ್ತುತ್ತದೆ. ನಾನು ಹಾಗೆಯೇ ಕಲಿತೆ, ಅದೂ ಒಬ್ಬರ ಹತ್ತಿರ ಅಲ್ಲ.

ಮೊದಲು ಕಲಿಸಿದವಳು ನಮ್ಮ ಆಯಿ. ಧಾರವಾಡದ ಕಡೆ ಸುಗ್ಗಿ ಮುಗಿದು ಬಿಸಿಲು ಏರಿತೆಂದರೆ ಹೊಲದ ಕೆಲಸ ಇರುವುದಿಲ್ಲ, ಕೌದಿ ಹೊಲಿಯಲು ಅದೇ ಸರಿಯಾದ ಕಾಲ. ಪಡಸಾಲೆಯಲ್ಲಿ ಹಳೆಯ ಇಳಕಲ್ಲ ಸೀರೆ ಹಾಸಿ, ಅದರ ಮೇಲೆ ಅಜ್ಜನ ಸವೆದ ಧೋತರ, ಅಂಗಿಗಳ ತುಂಡು ಹರವಿ, ಮೇಲೊಂದು ಸೀರೆ ಮುಚ್ಚಿ, ನಾಲ್ಕು ಮೂಲೆಗೂ ಕಲ್ಲು ಇಡುತ್ತಿದ್ದಳು. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತಾ ಹೋಗುತ್ತಿದ್ದಳು. ಒಳಗೆ ಒಂದು ನಿರಿಗೆ ಉಳಿದರೂ ಮಲಗಿದವರ ಬೆನ್ನಿಗೆ ಒತ್ತುತ್ತದೆ. ಕೌದಿಗೆ ಹೊಸ ಬಟ್ಟೆ ಹಾಕಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಅದಕ್ಕೆ ಕಾರಣವಿದೆ. ಹೊಸ ಹತ್ತಿ ಬಟ್ಟೆ ಮೊದಲ ಸಲ ನೀರು ಕಂಡಾಗ ಕುಗ್ಗುತ್ತದೆ, ಪಕ್ಕದ ಹಳೆಯ ತುಂಡನ್ನೂ ಜಗ್ಗಿ ಸುಕ್ಕು ಮಾಡುತ್ತದೆ. ಹತ್ತಾರು ವರ್ಷ ತೊಳೆದ ಸೀರೆ ಕುಗ್ಗುವಷ್ಟೂ ಕುಗ್ಗಿರುತ್ತದೆ, ಸೂಜಿಗೂ ಮೆತ್ತಗೆ ದಾರಿ ಬಿಡುತ್ತದೆ.

ನನಗೆ ಏಳು ವರ್ಷವಿದ್ದಾಗ ಆಯಿ ಕೌದಿಯ ಒಂದು ಮೂಲೆ ನನ್ನ ಪಾಲಿಗೆ ಬಿಟ್ಟಳು. ನನ್ನ ಹೊಲಿಗೆ ಒಂದು ಉದ್ದ, ಒಂದು ಗಿಡ್ಡ, ಸಾಲು ಹಾವಿನಂತೆ ಹರಿದಿತ್ತು. ಬಿಚ್ಚಿಸುತ್ತಾಳೆ ಅಂತ ಅಂಜಿ ಕೂತಿದ್ದೆ. ಅವಳು ಬೆರಳಾಡಿಸಿ ನೋಡಿ, "ಇರಲಿ ಬಿಡ ಯವ್ವಾ, ಬಟ್ಟಿ ಹಿಡದಾವಲ್ಲ" ಅಂದಳು, ತನ್ನ ಸಾಲಿಗೆ ಹೋದಳು. ಆ ಕೌದಿ ಹರಿಯುವವರೆಗೂ ನನ್ನ ಸೊಟ್ಟ ಹೊಲಿಗೆ ಅವಳ ನೆಟ್ಟನೆಯ ಸಾಲುಗಳ ಪಕ್ಕದಲ್ಲೇ ಇತ್ತು. ಮೂಲೆಯಿಂದ ಮುಂದೆ ಹೋದಂತೆ ನನ್ನ ಸಾಲು ಸ್ವಲ್ಪ ಸ್ವಲ್ಪ ನೆಟ್ಟಗಾಗಿದ್ದೂ ಅದರಲ್ಲೇ ಕಾಣುತ್ತಿತ್ತು.

ಎರಡನೆಯವರು ಪೇಟೆಯ ಸಿಂಪಿಗ ಕಾಕಾ. ಅವರು ತದ್ವಿರುದ್ಧ. ಮೊದಲ ಎರಡು ತಿಂಗಳು ಕತ್ತರಿ ಮುಟ್ಟಗೊಡಲಿಲ್ಲ. ಕಾಜ ಮಾಡು, ಗುಂಡಿ ಹಚ್ಚು, ಅಂಚು ಮಡಚು. ಆಮೇಲೆ ಹಳೆಯ ಪೇಪರ್ ಕತ್ತರಿಸು. ಒಂದು ತೋಳನ್ನು ನನ್ನಿಂದ ನಾಲ್ಕು ಸಲ ಬಿಚ್ಚಿಸಿದರು, ನಾನು ಅತ್ತೆ. ಆಯಿಯ ಪ್ರೀತಿ ಇವರಲ್ಲಿ ಇಲ್ಲ ಅಂದುಕೊಂಡೆ. ಅದು ನನ್ನ ತಪ್ಪು ತಿಳಿವಳಿಕೆ. ಕೌದಿ ನೆಲದ ಮೇಲೆ ಚಪ್ಪಟೆ ಬಿದ್ದಿರುವ ವಸ್ತು, ಬಟ್ಟೆ ಬಟ್ಟೆಯನ್ನು ಹಿಡಿದರೆ ಸಾಕು. ಕುಪ್ಪಸ ಕೈ ಎತ್ತಿದಾಗ ಏಳಬೇಕು, ಇಳಿಸಿದಾಗ ಇಳಿಯಬೇಕು. ಕಂಕುಳ ಹತ್ತಿರ ಬಟ್ಟೆಯನ್ನು ಓರೆಯಾಗಿ ಕತ್ತರಿಸಿರುತ್ತಾರೆ, ಓರೆ ಬಟ್ಟೆ ಮುಟ್ಟಿದರೆ ಹಿಗ್ಗುತ್ತದೆ. ಅಲ್ಲಿ ಅರ್ಧ ಬೆರಳು ತಪ್ಪಿದರೂ ತೊಟ್ಟವಳಿಗೆ ದಿನವಿಡೀ ಹಿಂಸೆ. ಬಿಚ್ಚಿಸುವ ಗುರು ಸಿಕ್ಕರೆ ಬಿಟ್ಟು ಬರಬೇಡ, ಮಗಳೇ.

ಅವರ ಮಾತು ಮೀರಿ ಒಮ್ಮೆ ಅವಸರ ಮಾಡಿದೆ. ಓಣಿಯ ಹೆಣ್ಣುಮಗಳೊಬ್ಬಳು ಗುಳೇದಗುಡ್ಡದ ಖಣ ತಂದುಕೊಟ್ಟಿದ್ದಳು. ಎರಡೂ ತೋಳು ಒಂದೇ ಕೈಗೆ ಹೊಂದುವಂತೆ ಕತ್ತರಿಸಿಬಿಟ್ಟೆ! ಖಣವೆಂದರೆ ಒಂದು ಕುಪ್ಪಸಕ್ಕೆ ಆಗುವಷ್ಟೇ ಬಟ್ಟೆ, ಮತ್ತೊಂದು ತೋಳಿಗೆ ಚೂರೂ ಉಳಿದಿರಲಿಲ್ಲ. ಹೊಸ ಖಣದ ದುಡ್ಡು ಅವ್ವ ಕೊಟ್ಟಳು. ಅಂದಿನಿಂದ ಎರಡು ತೋಳನ್ನು ಎದುರುಬದುರು ಇಟ್ಟು ನೋಡದೆ ನಾನು ಕತ್ತರಿ ಹಿಡಿದಿಲ್ಲ.

ಕಸೂತಿ ಕಲಿಸಿದ ಪಕ್ಕದ ಮನೆಯ ಕಾಕು ನನ್ನ ಕೆಲಸವನ್ನು ಮೊದಲು ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಕಸೂತಿಯಲ್ಲಿ ಗೆರೆ ಎಳೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ ಹೊಲಿಗೆಗಳು ಎರಡು ಕಡೆಯೂ ಒಂದೇ ತರ ಕಾಣಬೇಕು.

ಮದುವೆಯಾಗಿ ಹಳಿಯಾಳಕ್ಕೆ ಹೋಗುವ ಹೊತ್ತಿಗೆ ಕೌದಿಯ ವಿಷಯದಲ್ಲಿ ನನಗೆ ತಿಳಿಯದ್ದು ಇಲ್ಲ ಅಂದುಕೊಂಡಿದ್ದೆ. ಅಲ್ಲಿ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವುದನ್ನು ಕಂಡೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಿನಂಚಿನ ಊರುಗಳಲ್ಲಿರುವ ಇವರ ಹಿರಿಯರು ಆಫ್ರಿಕಾದಿಂದ ಬಂದವರು. ಕೌದಿಗೆ ಅವರು ಕವಂದಿ ಅನ್ನುತ್ತಾರೆ, ಅದು ಅಂಚಿನಿಂದ ಶುರುವಾಗುತ್ತದೆ. ತುಂಡುಗಳನ್ನು ಒಂದೊಂದೇ ಇಟ್ಟು, ಅಂಚು ಒಳಮಡಚಿ, ಸುತ್ತುತ್ತಾ ಸುತ್ತುತ್ತಾ ಹೊಲಿದು ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಚಿಕ್ಕ ಮುಕ್ಕೋನ, ಅದಕ್ಕೆ ಫೂಲ ಅನ್ನುತ್ತಾರೆ. ಅದಿಲ್ಲದ ಕವಂದಿ ಅವರಿಗೆ ಪೂರ್ತಿಯಾದದ್ದಲ್ಲ. ನಮ್ಮ ಆಯಿ ಈ ಬದಿಯಿಂದ ಆ ಬದಿಗೆ ನೇರ ಸಾಲು ಹಾಕುತ್ತಿದ್ದಳು, ಅದೊಂದೇ ರೀತಿ ಅಂತ ನಂಬಿದ್ದೆ. ನನಗಿಂತ ಚಿಕ್ಕವಳೊಬ್ಬಳ ಪಕ್ಕ ಕೂತು ಮತ್ತೆ ಮೊದಲಿನಿಂದ ಕಲಿತೆ. ಈಗ ಎರಡೂ ಬರುತ್ತವೆ.

ಕೆಲವು ಸಣ್ಣ ಮಾತು ಹೇಳಿಬಿಡುತ್ತೇನೆ. ದಾರ ನಿನ್ನ ಒಂದು ಕೈ ಉದ್ದಕ್ಕಿಂತ ಹೆಚ್ಚು ತಗೋಬೇಡ, ಸಿಕ್ಕು ಬೀಳುತ್ತದೆ. ನೈಲಾನ್, ಪಾಲಿಯೆಸ್ಟರ್ ಸೀರೆ ಕೌದಿಗೆ ಬೇಡ, ಬೆವರು ಹೀರುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ. ಕಣ್ಣು ದಣಿದಾಗ ಎದ್ದುಬಿಡು.

ಯುಗಾದಿ ಮುಗಿಸಿ ಬಾ. ನಿನ್ನ ತಮ್ಮನನ್ನೂ ಕರೆದುಕೊಂಡು ಬಾ, ನನಗೆ ಕತ್ತರಿ ಹಿಡಿಯಲು ಕಲಿಸಿದ್ದೂ ಒಬ್ಬ ಗಂಡಸೇ. ನಿನ್ನ ಅವ್ವನ ಎರಡು ಹಳೆಯ ಸೀರೆ ತೊಳೆದು, ಒಣಗಿಸಿ, ಮಡಚಿ ಇಟ್ಟಿದ್ದೇನೆ.