ನಿಂತ ಕಾರಿಗೂ ಖರ್ಚಿದೆ

ಓಡದ ಕಾರಿಗೆ ಖರ್ಚಿಲ್ಲ ಎನ್ನುವವರು ಕೋಲ್ಕತ್ತದ ಒಂದು ಮಳೆಗಾಲ ಅದನ್ನು ಬಯಲಲ್ಲಿ ನಿಲ್ಲಿಸಿ ನೋಡಬೇಕು. ಅಲಿಪುರದ ನಮ್ಮ ಕಟ್ಟಡದ ಹಿಂದೆ ಅಪ್ಪನ 2003ರ ಅಂಬಾಸಿಡರ್ ಹಾಗೆ ನಿಂತಿತ್ತು. ಅಪ್ಪನಿಗೆ ಲಕ್ವ ಹೊಡೆದ ಮೇಲೆ ಅದರ ಕಡೆ ತಿರುಗಿ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಬ್ಯಾಟರಿ ಸತ್ತಿತು. ಟೈರುಗಳು ನೆಲಕ್ಕೆ ಒತ್ತಿದ ಕಡೆ ಚಪ್ಪಟೆಯಾದವು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ. ಆ ತೇವಕ್ಕೆ ಹಿಂದಿನ ಚಕ್ರಗಳ ಸಿಲಿಂಡರ್ ಒಳಗೇ ತುಕ್ಕು ಹಿಡಿದು ಕಚ್ಚಿಕೊಂಡಿತು. ಬಾನೆಟ್ ಕೆಳಗೆ ಇಲಿಗಳು ವೈರು ಕಡಿದವು. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲು. ಅದಕ್ಕೂ ನೀರು ಹೀರುವ ಗುಣವಿದೆ, ಹಳೆಯ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ.

ಅಪ್ಪ ಮೈಸೂರಿನವರು. ಇಲ್ಲಿನ ಹವಾಮಾನ ಕಚೇರಿಗೆ ವರ್ಗವಾಗಿ ಬಂದವರು ವಾಪಸ್ ಹೋಗಲೇ ಇಲ್ಲ. ನಿವೃತ್ತಿಗೆ ಮುಂಚೆ ಭವಿಷ್ಯನಿಧಿಯ (ಜಿಪಿಎಫ್) ಹಣ ತೆಗೆದು ಈ ಕಾರು ಕೊಂಡರು. ಹೂಗ್ಲಿ ನದಿಯ ಆಚೆ ಉತ್ತರಪಾರದಲ್ಲೇ ಅದರ ಕಾರ್ಖಾನೆ, ರೈಲು ನಿಲ್ದಾಣದ ಹೆಸರೇ ಹಿಂದ್ ಮೋಟರ್. ಊರಲ್ಲೇ ತಯಾರಾದ ಗಾಡಿ, ರಿಪೇರಿಗೆ ತೊಂದರೆಯಿಲ್ಲ ಎಂಬುದು ಅವರ ವಾದವಾಗಿತ್ತು. 2014ರ ಮೇ ತಿಂಗಳಲ್ಲಿ ಆ ಕಾರ್ಖಾನೆ ನಿಂತಿತು. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಬರೀ ಹೆಸರಿಗೆ 80 ಕೋಟಿ! ನಮ್ಮ ಇಡೀ ಕಾರಿಗೆ ಗುಜರಿಯವನು ಹೇಳಿದ್ದು 38,000.

ಆ 38,000 ನಮಗೆ ಬೇಕಾಗಿತ್ತು, ಸುಳ್ಳೇಕೆ. ಅಪ್ಪ ಕೇಂದ್ರ ಸರ್ಕಾರದ ಪಿಂಚಣಿದಾರರಾದ್ದರಿಂದ ಆಸ್ಪತ್ರೆಯ ಬಿಲ್ಲಿನ ಬಹುಪಾಲನ್ನು ಅವರ ಆರೋಗ್ಯ ಯೋಜನೆ ಸಿಜಿಎಚ್‌ಎಸ್ ಹೊತ್ತಿತು. ಅದು ಹೊರದ ಖರ್ಚು ಮನೆಗೆ ಬಂದ ಮೇಲೆ ಶುರುವಾಯಿತು. ಈ ಊರಲ್ಲಿ ರೋಗಿ ಮಲಗಿದ ಮನೆಗೆ ಆಯಾ ಸೆಂಟರಿನಿಂದ ಹಗಲಿಗೊಬ್ಬರು, ರಾತ್ರಿಗೊಬ್ಬರು ಬರುತ್ತಾರೆ, ಹನ್ನೆರಡು ಗಂಟೆಯ ಪಾಳಿ. ಇಬ್ಬರಿಗೂ ಸೇರಿ ತಿಂಗಳಿಗೆ 30,000ದ ಹತ್ತಿರ, ಫಿಸಿಯೋಥೆರಪಿಯವರಿಗೆ ಬೇರೆ. ಡಯಾಪರ್, ಗಾಳಿ ಹಾಸಿಗೆ, ಗಾಲಿಕುರ್ಚಿಯ ಖರ್ಚು ಇದರ ಮೇಲೆ. ಬೆಂಗಳೂರಿನಿಂದ ತಂಗಿ ಫೋನಿನಲ್ಲಿ, "ಅಣ್ಣಾ, ಆ ಕಾರು ಕೊಟ್ಟುಬಿಡು, ಸೆಂಟಿಮೆಂಟ್ ಎಲ್ಲ ಆಮೇಲೆ" ಎಂದಳು. ಅಮ್ಮ ಮಾತ್ರ, "ಅವರಿಗೆ ಮಾತು ಬಂದ್ರೆ ಮೊದಲು ಕೇಳೋದೇ ಅದನ್ನ ಕಣೋ" ಎಂದರು.

ಇಬ್ಬರನ್ನೂ ಪಕ್ಕಕ್ಕಿಟ್ಟು ಕಾಗದದ ಮೇಲೆ ಲೆಕ್ಕ ಹಾಕಿದೆ. ಮಾರಿದರೆ ಬರುವುದು ಒಂದು ತಿಂಗಳ ಆಯಾ ಖರ್ಚಿಗಿಂತ ತುಸು ಹೆಚ್ಚು. ಇಟ್ಟುಕೊಂಡರೆ ವರ್ಷಕ್ಕೆ ಆಗುವ ಖರ್ಚು ಆ ಒಂದು ತಿಂಗಳ ಖರ್ಚಿಗಿಂತ ತುಸು ಕಡಿಮೆ. ಮಾರಾಟದಿಂದ ನಮ್ಮ ಕಷ್ಟ ತೀರುವಂತಿರಲಿಲ್ಲ, ಮುಂದಿನ ತಿಂಗಳಿಗೆ ಜಾರುತ್ತಿತ್ತು ಅಷ್ಟೆ. ಇಷ್ಟದ ವಸ್ತು ಮಾರುವ ಮುಂಚೆ, ಬರುವ ಹಣ ಎಷ್ಟು ತಿಂಗಳ ಯಾವ ಖರ್ಚನ್ನು ನೀಗಿಸುತ್ತದೆ ಎಂದು ಕೇಳಿಕೊಳ್ಳಬೇಕು. ಆರು ತಿಂಗಳು ನೀಗಿಸುವಂತಿದ್ದರೆ ನಾನು ಅಮ್ಮನ ಮಾತನ್ನೂ ಮೀರುತ್ತಿದ್ದೆ.

ಮಾರುವುದೂ ಸುಲಭವಿರಲಿಲ್ಲ. ಆರ್‌ಸಿ, ಅಂದರೆ ನೋಂದಣಿ ಪತ್ರ, ಅಪ್ಪನ ಹೆಸರಲ್ಲಿದೆ. ಹೆಸರು ಬದಲಿಸಲು ಫಾರಂ 29, 30ಕ್ಕೆ ಅವರೇ ಸಹಿ ಹಾಕಬೇಕು, ಆದರೆ ಬಿದ್ದುಹೋಗಿರುವುದು ಬಲಗೈ. ಬ್ಯಾಂಕಿನಲ್ಲೂ ಇದೇ ಪಾಡು. 2021ರ ತಿದ್ದುಪಡಿಯಿಂದ ಆರ್‌ಸಿಗೂ ನಾಮಿನಿ ಸೇರಿಸಲು ಅವಕಾಶವಿದೆ. ವಯಸ್ಸಾದ ತಂದೆತಾಯಿಯ ಹೆಸರಲ್ಲಿ ಗಾಡಿ ಇರುವವರು, ಅವರ ಕೈ ಆಡುತ್ತಿರುವಾಗಲೇ ಆ ಕೆಲಸ ಮುಗಿಸಿಕೊಳ್ಳುವುದು ಕ್ಷೇಮ.

ಇಟ್ಟುಕೊಳ್ಳುವುದೆಂದ ಮೇಲೆ ಕಾರಿಗೆ ಬೇರೆಯೇ ಖಾತೆ ಮಾಡಿದೆ. ತಿಂಗಳಿಗೆ 2,000 ರೂಪಾಯಿ, ಅದರಾಚೆ ಒಂದು ಪೈಸೆಯಿಲ್ಲ. ತುರ್ತು ನಿಧಿ ಅಪ್ಪನಿಗೆ ಮಾತ್ರ. ಕ್ರೆಡಿಟ್ ಕಾರ್ಡಿನಲ್ಲಿ ಒಂದು ನಟ್ಟೂ ಕೊಳ್ಳುವುದಿಲ್ಲ. ಮೊದಲ ಪಾಲು ವಿಮೆಗೆ. ನಮ್ಮದು 1,817 ಸಿಸಿಯ ಇಸುಜು ಎಂಜಿನ್. 1,500 ಸಿಸಿ ದಾಟಿದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಕಂತು 2022ರಿಂದ 7,897 ರೂಪಾಯಿ, ತೆರಿಗೆ ಪ್ರತ್ಯೇಕ. ಕಾರಿನ ಸ್ವಂತ ಹಾನಿಯ ವಿಮೆ ಬಿಟ್ಟುಬಿಟ್ಟೆ, ಈ ಬೆಲೆಯ ಗಾಡಿಗೆ ಅದು ದಂಡ. ಹೊಸ ಕಾರಿದ್ದವರ ಲೆಕ್ಕ ಬೇರೆ: ಪಾಲಿಸಿ ಮುಗಿದು 90 ದಿನ ದಾಟಿದರೆ, ಶೇ 50ರವರೆಗೂ ಬೆಳೆದಿರಬಹುದಾದ ನೋ ಕ್ಲೈಮ್ ಬೋನಸ್ ಪೂರ್ತಿ ಹೋಗುತ್ತದೆ. ಮನೆಯಲ್ಲಿ ಕಾಯಿಲೆ ಬಿದ್ದಾಗ ಮರೆತುಹೋಗುವುದು ಇಂಥ ತಾರೀಖುಗಳೇ. ಹೊಗೆ ತಪಾಸಣೆಗೆ ತಗಲುವುದು ಅಲ್ಪ, ಆ ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ದಂಡ 10,000ದವರೆಗೆ.

ಉಳಿದದ್ದರಲ್ಲಿ ಬ್ರೇಕು ಮೊದಲು, ಆಮೇಲೆ ಟೈರು, ಪೆಟ್ರೋಲ್ ಪೈಪು. ಬಣ್ಣ, ಸೀಟಿನ ಬಟ್ಟೆ ಎಲ್ಲಕ್ಕಿಂತ ಕೊನೆಗೆ. ಚೇತ್ಲಾದ ಮಿಸ್ತ್ರಿಗೆ ಇದು ಹಿಡಿಸಲಿಲ್ಲ. ಎಲ್ಲ ಒಟ್ಟಿಗೆ ಬಿಚ್ಚಿದರೆ ಕೂಲಿ ಉಳಿಯುತ್ತದೆ ದಾದಾ ಎಂದ. ಕೂಲಿ ಉಳಿಯುವುದು ನಿಜ, ಆದರೆ ಒಟ್ಟಿಗೆ ಬಿಚ್ಚಿದ ಗಾಡಿ ಒಟ್ಟಿಗೇ ಹಣ ಕೇಳುತ್ತದೆ, ಅದು ಆಗ ನಮ್ಮಲ್ಲಿರಲಿಲ್ಲ.

ಬಿಡಿಭಾಗಕ್ಕೆ ಮಲ್ಲಿಕ್ ಬಜಾರಿಗೆ ಹೋಗಬೇಕು. ಹಳೆಯ ಕಾರುಗಳ ಭಾಗಗಳು ಅಂಗಡಿಯ ಸೂರಿನವರೆಗೂ ಪೇರಿಸಿರುವ ಬೀದಿ ಅದು. ಕಲ್ಕತ್ತಾ ಹೈಕೋರ್ಟಿನ 2008ರ ಆದೇಶದಿಂದಾಗಿ ಇಲ್ಲಿ ಟ್ಯಾಕ್ಸಿಗಳಿಗೆ 15 ವರ್ಷವೇ ಆಯುಸ್ಸು. ಹಾಗಾಗಿ ಹಳದಿ ಟ್ಯಾಕ್ಸಿಗಳು ಸಾಲುಸಾಲಾಗಿ ಗುಜರಿಗೆ ಬೀಳುತ್ತಿವೆ. ಅವು ಹೆಚ್ಚಾಗಿ ಡೀಸೆಲ್, ಎಂಜಿನ್ ನಮಗೆ ಹೊಂದದು. ಬಾಗಿಲು, ಹಿಡಿ, ಗಾಜು, ಹಿಂದಿನ ಬ್ರೇಕ್ ಡ್ರಮ್ ಹೊಂದುತ್ತವೆ. ನಮ್ಮ ಅಗ್ಗದ ರಿಪೇರಿ ನಿಂತಿರುವುದು ಯಾವನೋ ಟ್ಯಾಕ್ಸಿಯವನ ಅನ್ನ ಹೋದದ್ದರ ಮೇಲೆ, ಚೌಕಾಸಿ ಮಾಡುವಾಗ ಅದು ಚುಚ್ಚುತ್ತದೆ. ಕೊನೆಯ ಟ್ಯಾಕ್ಸಿಗಳು 2014ರವು, 2029ರ ಹೊತ್ತಿಗೆ ಅವುಗಳ ಗಡುವೂ ಮುಗಿಯುತ್ತದೆ. ಆಮೇಲೆ ಇದೇ ಬಾಗಿಲ ಹಿಡಿಯನ್ನು ಹವ್ಯಾಸಿಗಳ ಬೆಲೆಗೆ ಕೊಳ್ಳಬೇಕಾದೀತು.

ಕಾರು ಉಪಯೋಗಕ್ಕೆ ಬಂದದ್ದು ನಾನು ಎಣಿಸದ ಕಡೆಯಿಂದ. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಲು ಆ್ಯಪ್ ಟ್ಯಾಕ್ಸಿ ಕರೆಸಿದರೆ ತಗ್ಗಾದ ಸೀಟು, ಕಿರಿದಾದ ಬಾಗಿಲು. ಕಾಲು ಒಳಗೆ ತೆಗೆದುಕೊಳ್ಳುವಷ್ಟರಲ್ಲಿ ಡ್ರೈವರ್ ಹಾರ್ನ್ ಒತ್ತುತ್ತಿದ್ದ. ಅಂಬಾಸಿಡರಿನ ಹಿಂದಿನ ಸೀಟು ಗಾಲಿಕುರ್ಚಿಯ ಎತ್ತರಕ್ಕೆ ಹತ್ತಿರ, ಬಾಗಿಲು ಅಗಲ. ಫಿಸಿಯೋದ ಹುಡುಗಿ ನೋಡಿ, ಹತ್ತಿ ಇಳಿಯುವುದನ್ನೇ ವ್ಯಾಯಾಮಕ್ಕೆ ಸೇರಿಸಿದಳು. ಡೈಮಂಡ್ ಹಾರ್ಬರ್ ರಸ್ತೆಯಲ್ಲಿ ಗೇರು ಬದಲಿಸುವಾಗ ಸದ್ದಾದರೆ ಹಿಂದಿನಿಂದ ಒಂದು ಹೂಂಕಾರ ಬರುತ್ತದೆ. ಮಾತು ಪೂರ್ತಿ ಬಂದಿಲ್ಲ, ಬೈಗುಳ ಬಂದಿದೆ.

ಹಾಗೆಂದು ಇದು ಹೂಡಿಕೆಯಲ್ಲ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2018ರಲ್ಲಿ ಶುಲ್ಕ 600 ರೂಪಾಯಿ ಇತ್ತು, 2023ರಲ್ಲಿ 5,000 ಕಟ್ಟಿದೆವು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000 ಮಾಡಿದ್ದಾರೆ, ನಮ್ಮ ಸರದಿ 2028ಕ್ಕೆ. ಅಪ್ಪ ಆಗಲೂ ಇದನ್ನು ಹತ್ತುವಂತಿದ್ದರೆ ಕಟ್ಟುವುದು. ಇಲ್ಲವೆಂದರೆ ಅಧಿಕೃತ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆಯುವುದು. ಹೊಸ ಕಾರಿನ ರಸ್ತೆ ತೆರಿಗೆಯಲ್ಲಿ ಅದಕ್ಕೆ ಶೇ 25ರವರೆಗೆ ರಿಯಾಯಿತಿ ಸಿಗಬಹುದು. ಇದಕ್ಕೆ ಅಮ್ಮನೂ ಒಪ್ಪಿದ್ದಾರೆ. ಕೊಟ್ಟುಬಿಡು ಎಂದ ತಂಗಿ ಮಾತ್ರ ಈಗ, ಬಣ್ಣ ಹೊಡೆಸುವುದಾದರೆ ಅರ್ಧ ತನ್ನದು ಎನ್ನುತ್ತಿದ್ದಾಳೆ. ಆ ಅರ್ಧವನ್ನು ಟೈರಿಗೆ ಕೊಡು ಎಂದಿದ್ದೇನೆ, ಇನ್ನೂ ಉತ್ತರವಿಲ್ಲ.