ಅನುಮಾನವೆಂಬ ಪ್ರಮಾಣ

'ಅನುಮಾನ' ಎಂಬ ಮಾತು ಕನ್ನಡದಲ್ಲಿ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ದಿನಬಳಕೆಯಲ್ಲಿ ಅದಕ್ಕೆ ಸಂಶಯವೆಂದು ಅರ್ಥ. "ಅವನ ಮೇಲೆ ನನಗೆ ಅನುಮಾನ" ಎಂದರೆ ಅವನಲ್ಲಿ ನಂಬಿಕೆಯಿಲ್ಲ ಎಂದು ತಿಳಿಯಬೇಕು. ಶಾಸ್ತ್ರದಲ್ಲಾದರೋ ಅದರ ಅರ್ಥ ಹೆಚ್ಚುಕಡಮೆ ಇದಕ್ಕೆ ವಿರುದ್ಧ. ನ್ಯಾಯದರ್ಶನವು ಒಪ್ಪಿರುವ ನಾಲ್ಕು ಪ್ರಮಾಣಗಳಲ್ಲಿ, ಅಂದರೆ ನಿಜವಾದ ತಿಳಿವಳಿಕೆಯ ದಾರಿಗಳಲ್ಲಿ, ಪ್ರತ್ಯಕ್ಷದ ಅನಂತರ ಬರುವುದೇ ಅನುಮಾನ. ಕಂಡುದರ ಬಲದಿಂದ ಕಾಣದುದನ್ನು ತಿಳಿಯುವುದು ಅದರ ಕೆಲಸ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಬೆಂಕಿ ಕಾಣುವುದಿಲ್ಲ. ಅಡುಗೆಮನೆಯಲ್ಲಿ ಹೊಗೆಯಿದ್ದಾಗಲೆಲ್ಲ ಬೆಂಕಿಯಿದ್ದುದನ್ನು ಕಂಡವರು ಬೆಟ್ಟದಲ್ಲಿಯೂ ಬೆಂಕಿಯಿದೆಯೆಂದು ತಿಳಿಯುತ್ತಾರೆ.

ನೈಯಾಯಿಕರು ಇಷ್ಟಕ್ಕೇ ನಿಲ್ಲಲಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟು, ನಿಜ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆ ಎಂದು ಕೇಳಿದರು. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳಬೇಕಾದರೆ ಹಸಿ ಸೌದೆ ಬೇಕು. ಹೀಗೆ ಎರಡು ಸಂಗತಿಗಳ ನಡುವೆ ಕಣ್ಣಿಗೆ ಬೀಳದಂತೆ ಸೇರಿಕೊಂಡಿರುವ ಮೂರನೆಯದಕ್ಕೆ ಅವರು 'ಉಪಾಧಿ' ಎಂದು ಹೆಸರಿಟ್ಟರು. ಉಪಾಧಿಯನ್ನು ಹುಡುಕದೆ ಮಾಡಿದ ಅನುಮಾನವು ಎಷ್ಟೇ ಸಹಜವಾಗಿ ತೋರಿದರೂ ದಾರಿ ತಪ್ಪಿಸಬಲ್ಲದು. ೨೦೨೫ರಲ್ಲಿ ಹಾಸನ ಜಿಲ್ಲೆಯಲ್ಲಿ ನಡೆದ ಸಂಗತಿ ಇದನ್ನು ಚೆನ್ನಾಗಿ ತಿಳಿಸುತ್ತದೆ.

ಆ ವರ್ಷದ ಮೇ ತಿಂಗಳ ಕೊನೆಯಿಂದ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸತ್ತವರ ಸುದ್ದಿ ಒಂದರ ಹಿಂದೆ ಒಂದರಂತೆ ಬರತೊಡಗಿತು. ಸತ್ತವರಲ್ಲಿ ಹಲವರು ಎಳೆಯ ವಯಸ್ಸಿನವರು. ನಿನ್ನೆ ನಗುತ್ತ ಓಡಾಡಿದವರು ಇಂದು ಇಲ್ಲವೆಂದಾಗ ಆ ಮನೆಗಳಲ್ಲಿ ಉಂಟಾದ ದುಃಖವನ್ನು ಯಾವ ಲೆಕ್ಕಾಚಾರವೂ ಕಡಮೆ ಮಾಡಲಾರದು. ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ದಿನದಿನವೂ ಎಣಿಕೆಯನ್ನು ಕೂಡಿಸುತ್ತ ಹೋದವು. ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು ಎಂಬ ಮಾತು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲೆಡೆಯೂ ಹಬ್ಬಿತು. ಎದೆಯಲ್ಲಿ ತುಸು ಉರಿ ಕಂಡವರೂ ಗಾಬರಿಗೊಂಡರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನರ ಸಾಲು ಬೆಳೆಯಿತು. ಹಾಸನದ ಮೇಲೆ ಏನೋ ವಿಶೇಷವಾದ ಕೇಡು ಬಂದಿದೆಯೆಂದು ಹಲವರು ತೀರ್ಮಾನಿಸಿದರು; ಕೋವಿಡ್ ಲಸಿಕೆಯೇ ಕಾರಣವೆಂದು ಕೆಲವರು ಹೇಳಿದರು.

ಇಪ್ಪತ್ತಕ್ಕೂ ಹೆಚ್ಚು ಎಂಬುದು ದೊಡ್ಡ ಸಂಖ್ಯೆಯೆ? ಸಂಖ್ಯೆಯೊಂದೇ ಇದಕ್ಕೆ ಉತ್ತರ ಕೊಡಲಾರದು. ಯಾವುದರೊಡನೆ ಹೋಲಿಸಬೇಕೆಂಬುದು ತಿಳಿಯಬೇಕು. ೨೦೧೧ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ ೧೭,೭೬,೪೨೧. ವರ್ಷಕ್ಕೆ ಸಾವಿರ ಜನರಲ್ಲಿ ಆರು ಮಂದಿ ಸಾಯುತ್ತಾರೆಂದು ಸ್ಥೂಲವಾಗಿ ಇಟ್ಟುಕೊಂಡರೆ, ನಲವತ್ತು ದಿನಗಳಲ್ಲಿ ಸುಮಾರು ೧,೧೭೦ ಸಾವುಗಳು ಸಹಜವಾಗಿಯೇ ಸಂಭವಿಸುತ್ತವೆ. ನಮ್ಮ ದೇಶದಲ್ಲಿ ಸಾವುಗಳ ಕಾಲುಭಾಗಕ್ಕಿಂತ ಹೆಚ್ಚು ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳಿಂದ ಆಗುತ್ತವೆ. ಆ ಲೆಕ್ಕದಂತೆ ನಲವತ್ತು ದಿನಗಳಲ್ಲಿ ಇನ್ನೂರ ತೊಂಬತ್ತರಷ್ಟು ಮಂದಿ ಈ ಕಾಯಿಲೆಗಳಿಂದಲೇ ತೀರಿಕೊಳ್ಳುವುದು ಸಂಭವ. ಹೆಸರು ಸುದ್ದಿಯಲ್ಲಿ ಬಂದವರು ಇವರಲ್ಲಿ ಸಣ್ಣದೊಂದು ಪಾಲು. ಉಳಿದವರ ಸಾವನ್ನು ಊರಿನವರು ಬಲ್ಲರು, ನಾಡು ಅರಿಯದು.

ಇದರಿಂದ ಎಲ್ಲವೂ ಸರಿಯಾಗಿದೆಯೆಂದು ಹೇಳಿಬಿಡುವುದೂ ಅವಸರವೇ. ಆ ಇನ್ನೂರ ತೊಂಬತ್ತರಲ್ಲಿ ಬಹುಪಾಲು ವಯಸ್ಸಾದವರಿರುತ್ತಾರೆ. ಜನ ಹೆದರಿದ್ದು ಎಳೆಯರ ಸಾವಿಗೆ. ಆದುದರಿಂದ ಆ ವರ್ಷ ಸತ್ತ ಎಳೆಯರನ್ನು ಹಿಂದಿನ ವರ್ಷಗಳಲ್ಲಿ ಅದೇ ತಿಂಗಳುಗಳಲ್ಲಿ ಸತ್ತ ಎಳೆಯರೊಡನೆ ಹೋಲಿಸಬೇಕು. ಸುದ್ದಿಯನ್ನು ಓದಿದವರು ತಮಗರಿಯದೆಯೇ ಸೊನ್ನೆಯೊಡನೆ ಹೋಲಿಸಿದ್ದರು. ಇಲ್ಲಿಯ ಉಪಾಧಿ ಎಣಿಕೆಯ ಕ್ರಮದಲ್ಲಿಯೇ ಅಡಗಿತ್ತು. ಮೊದಲು ಯಾರೂ ಎಣಿಸುತ್ತಿರಲಿಲ್ಲ. ಎಣಿಸತೊಡಗಿದ ಮೇಲೆ ಪ್ರತಿಯೊಂದು ಸಾವೂ ಸಾಲಿಗೆ ಸೇರಿತು.

ಲಸಿಕೆಯ ವಾದದಲ್ಲಿಯೂ ಇಂಥದೇ ದೋಷವಿತ್ತು. ಸತ್ತವರು ಲಸಿಕೆ ಹಾಕಿಸಿಕೊಂಡಿದ್ದರೆಂಬುದು ಅದರ ಆಧಾರ. ಆದರೆ ಬದುಕಿರುವವರಲ್ಲಿಯೂ ಬಹುಮಂದಿ ಹಾಕಿಸಿಕೊಂಡವರೇ. ಆ ಸೀಮೆಯಲ್ಲಿ ಸತ್ತವರಲ್ಲಿ ಬಹುಮಂದಿ ರಾಗಿಮುದ್ದೆ ಉಂಡವರೂ ಆಗಿದ್ದರು! ಲಸಿಕೆ ಪಡೆದವರಲ್ಲಿ ಸಾವಿನ ಪ್ರಮಾಣ ಎಷ್ಟು, ಪಡೆಯದವರಲ್ಲಿ ಎಷ್ಟು ಎಂದು ಎರಡನ್ನೂ ಇಟ್ಟು ನೋಡದೆ ಕಾರಣವನ್ನು ಹೇಳಲಾಗದು.

ಸಾವುಗಳ ಗುಂಪಿಗೆ ನಿಜವಾಗಿಯೂ ಒಂದೇ ಕಾರಣವಿದ್ದರೆ ಅದನ್ನು ಕಂಡುಹಿಡಿಯುವುದು ಹೇಗೆ? ೧೮೫೪ರಲ್ಲಿ ಲಂಡನ್ನಿನ ಸೋಹೊ ಎಂಬ ಕೇರಿಯಲ್ಲಿ ಕಾಲರಾ ಕೆಲವೇ ವಾರಗಳಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಜಾನ್ ಸ್ನೋ ಎಂಬ ವೈದ್ಯನು ಮನೆಮನೆಗೆ ಹೋಗಿ, ಸತ್ತವರು ಎಲ್ಲಿಯ ನೀರು ಕುಡಿದಿದ್ದರೆಂದು ವಿಚಾರಿಸಿದನು. ಸಾವುಗಳು ಬ್ರಾಡ್ ಬೀದಿಯ ಕೈಪಂಪಿನ ಸುತ್ತ ನೆರೆದಿದ್ದವು. ಅಷ್ಟರಿಂದಲೇ ಅವನಿಗೆ ತೃಪ್ತಿಯಾಗಲಿಲ್ಲ. ಪಂಪಿನ ಹತ್ತಿರದಲ್ಲೇ ಇದ್ದ ಬಡವರ ದುಡಿಮೆಮನೆಯಲ್ಲಿ ಐನೂರಕ್ಕೂ ಹೆಚ್ಚು ಮಂದಿಯಿದ್ದರೂ ಸತ್ತವರು ಐವರು ಮಾತ್ರ. ಅಲ್ಲಿಗೆ ಸ್ವಂತ ಬಾವಿಯಿತ್ತು. ಇತ್ತ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಿಧವೆಯೊಬ್ಬಳು ಅದೇ ಕಾಯಿಲೆಯಿಂದ ಸತ್ತಿದ್ದಳು. ರುಚಿಗೆ ಒಗ್ಗಿದ್ದ ಬ್ರಾಡ್ ಬೀದಿಯ ನೀರನ್ನು ಅವಳು ಅಷ್ಟು ದೂರಕ್ಕೆ ತರಿಸಿಕೊಳ್ಳುತ್ತಿದ್ದಳು. ಹತ್ತಿರವಿದ್ದೂ ಉಳಿದವರು, ದೂರವಿದ್ದೂ ಸತ್ತವಳು: ಸ್ನೋನ ಅನುಮಾನಕ್ಕೆ ಬಲ ಬಂದುದು ಇವರಿಂದ.

ಹಾಸನದಲ್ಲಿಯೂ ಅಂಥ ವಿಚಾರಣೆ ನಡೆಯಿತು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿಯು ೨೦೨೫ರ ಜುಲೈನಲ್ಲಿ ವರದಿ ಸಲ್ಲಿಸಿತು. ಸಮಿತಿಯು ಪರಿಶೀಲಿಸಿದ ೨೪ ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ; ರಸ್ತೆ ಅಪಘಾತದಲ್ಲಿ ಸತ್ತವರೊಬ್ಬರೂ ಲೆಕ್ಕಕ್ಕೆ ಸೇರಿಹೋಗಿದ್ದರು. ಉಳಿದ ಇಪ್ಪತ್ತರಲ್ಲಿ ಹತ್ತು ಸಾವುಗಳಿಗೆ ಹೃದಯವೇ ಕಾರಣವೆಂಬುದು ಖಚಿತವಾಯಿತು. ಇನ್ನು ಹತ್ತನ್ನು ಸಮಿತಿ 'ಸಂಭಾವ್ಯ' ಎಂದಷ್ಟೇ ಕರೆಯಿತು. ಆಸ್ಪತ್ರೆಗಳ ದಾಖಲೆಗಳಲ್ಲಿ ಹೃದ್ರೋಗದ ಸಾವುಗಳು ಅಸಹಜವಾಗಿ ಏರಿದುದು ಕಂಡುಬರಲಿಲ್ಲ. ಎಲ್ಲಕ್ಕೂ ಸಮಾನವಾದ ಕಾರಣವೂ ದೊರೆಯಲಿಲ್ಲ.

ಈ ತೀರ್ಮಾನಕ್ಕೂ ಒಂದು ಎಲ್ಲೆಯುಂಟು. ಮನೆಯಲ್ಲಿಯೋ ಹೊಲದಲ್ಲಿಯೋ ಕುಸಿದು ಸತ್ತವರು ಆಸ್ಪತ್ರೆಯ ದಾಖಲೆಗೆ ಬರುವುದೇ ಇಲ್ಲ. 'ಸಂಭಾವ್ಯ'ವೆಂದು ಉಳಿದ ಹತ್ತು ಮಂದಿಯ ಸಾವಿನ ನಿಜವಾದ ಕಾರಣ ಅವರೊಡನೆಯೇ ಮಣ್ಣಾಯಿತು, ಇಲ್ಲವೆ ಬೂದಿಯಾಯಿತು. ಆಸ್ಪತ್ರೆಯ ಹೊರಗೆ ಹಠಾತ್ತನೆ ಸತ್ತವರ ಶವಪರೀಕ್ಷೆಯನ್ನು ಕಡ್ಡಾಯಗೊಳಿಸುವುದಾಗಿಯೂ, ಅಂಥ ಸಾವುಗಳನ್ನು ತಪ್ಪದೆ ವರದಿ ಮಾಡುವ ವ್ಯವಸ್ಥೆ ತರುವುದಾಗಿಯೂ ರಾಜ್ಯ ಸರ್ಕಾರವು ಅದೇ ಜುಲೈನಲ್ಲಿ ಪ್ರಕಟಿಸಿತು.