ನಾವು ಕುಡಿದರೆ ಕೂಸೂ ಕುಡಿದಂತೆ

ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ನಾವು ಹೊಲಕ್ಕೆ, ಕಲ್ಲಿನ ಗಣಿಗೆ ದುಡಿಯಲು ಹೋಗುತ್ತೇವೆ. ಸಂಜೆಗೆ ಮೈ ನೋವು. "ಬಸುರಿ ಇದ್ದರೇನಾತು? ಒಂದೀಟು ಸಿಂದಿ ಕುಡಿ, ತಂಪಾಗ್ತದ" ಅನ್ನುವವರಿದ್ದಾರೆ. ಈ ಮಾತು ಸರಿಯೇ?

ಸರಿಯಲ್ಲ. ಕುಡಿದ ಅಮಲು ನಮ್ಮ ರಕ್ತಕ್ಕೆ ಸೇರುತ್ತದೆ. ಹೊಕ್ಕುಳಬಳ್ಳಿಯಿಂದ ಕೂಸಿಗೆ ಹೋಗುತ್ತದೆ. ಅದನ್ನು ಅರಗಿಸುವ ಶಕ್ತಿ ಕೂಸಿಗಿಲ್ಲ. ಗರ್ಭ ಇಳಿಯಬಹುದು. ಕೂಸಿನ ತೂಕ ಕಡಿಮೆ ಆಗಬಹುದು. ಮಿದುಳಿಗೆ ಪೆಟ್ಟಾದರೆ ಬದುಕಿನುದ್ದಕ್ಕೂ ಕಲಿಯುವುದು ಕಷ್ಟ.

2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಸಿಂದಿ, ಬೀರು, ಬ್ರಾಂದಿಯಲ್ಲಿಯೂ ಅದೇ ಅಮಲು ಇದೆ. ಬಸುರಿಗೆ ಒಂದು ಗುಟುಕೂ ಬೇಡ.

ಈಗಾಗಲೇ ಕುಡಿದಿದ್ದರೆ? ಹೆದರುವುದು ಬೇಡ. ಈಗ ಬಿಟ್ಟರೂ ಕೂಸಿಗೆ ಒಳ್ಳೆಯದು. ಕುಡಿಯದಿದ್ದರೆ ಕೈ ನಡುಗುವಷ್ಟು ರೂಢಿ ಇದ್ದರೆ ಆಶಾ ಅಕ್ಕನಿಗೆ ಹೇಳೋಣ. ಡಾಕ್ಟರ ಸಲಹೆಯಂತೆ ಬಿಡೋಣ. ತಂಪಿಗೆ ಮಜ್ಜಿಗೆ ಅದ, ಅಂಬಲಿ ಅದ.